ಮನೆಯವರ ರಿಪೋರ್ಟು, ನೋಟಿಸುಗಳನ್ನು ಎಐಗೆ ತೋರಿಸುವ ಮುನ್ನ

ಅಪ್ಪನ ರಕ್ತಪರೀಕ್ಷೆಯ ರಿಪೋರ್ಟು, ಚಿಕ್ಕಪ್ಪನ ಪಹಣಿ, ಮನೆಗೆಲಸದವರಿಗೆ ಬಂದ ಬ್ಯಾಂಕ್ ನೋಟಿಸು. ಇಂಥವುಗಳ ಫೋಟೊ ತೆಗೆದು ಚಾಟ್‌ಜಿಪಿಟಿಗೋ ಜೆಮಿನಿಗೋ ಹಾಕಿ ‘ಕನ್ನಡದಲ್ಲಿ ಹೇಳು’ ಅನ್ನುವುದು ಈಗ ರೂಢಿ. ಉಪಕಾರವೇ ಸರಿ, ಆದರೆ ಕಾಗದ ನಿಮ್ಮದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತದ ಅಥವಾ ಮನೆಮಟ್ಟಿನ ಬಳಕೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಇಲ್ಲಿ ಸರಿ-ತಪ್ಪು ನೋಡಬೇಕಾದವರು ಫೋನು ಹಿಡಿದವರೇ.

ಮೊದಲು ಕೇಳಿ. ‘ಎಐಗೆ ಹಾಕ್ಲಾ?’ ಅಂದರೆ ವಯಸ್ಸಾದವರಿಗೆ ಏನೂ ತಿಳಿಯುವುದಿಲ್ಲ. ‘ಅಪ್ಪಾ, ಈ ಫೋಟೊ ಒಂದು ಕಂಪನಿಯ ಕಂಪ್ಯೂಟರಿಗೆ ಹೋಗುತ್ತೆ, ಸ್ವಲ್ಪ ಕಾಲ ಅಲ್ಲೇ ಇರುತ್ತೆ, ಪರವಾಗಿಲ್ವಾ?’ ಎಂದು ಕೇಳಿ. ಬೇಡವೆಂದರೆ ಅಲ್ಲಿಗೆ ಬಿಡಿ. ಮನೆಗೆಲಸದವರ ವಿಷಯ ಇನ್ನೂ ಸೂಕ್ಷ್ಮ. ಸಂಬಳ ಕೊಡುವವರೇ ಕೇಳಿದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ‘ಬೇಕಾದರೆ ಬ್ಯಾಂಕಿಗೇ ಜೊತೆಗೆ ಬರ್ತೀನಿ’ ಎಂಬ ಇನ್ನೊಂದು ದಾರಿಯನ್ನೂ ಮುಂದಿಡಿ, ಆಗಷ್ಟೇ ಅವರ ‘ಹೂಂ’ಗೆ ಬೆಲೆ.

ಎಲ್ಲ ಕಾಗದವೂ ಒಂದೇ ಅಲ್ಲ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು, ಅದಕ್ಕೆ ಅಷ್ಟು ಹಿಂಜರಿಯಬೇಕಿಲ್ಲ. ವಿಭಾಗ ಪತ್ರ, ಉಯಿಲು, ರೋಗದ ರಿಪೋರ್ಟು ಹಾಗಲ್ಲ.

ಇನ್ನು ಮರೆಮಾಡುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಫೋನಿನ ಹೈಲೈಟರ್‌ನಿಂದ ಗೀಚಿದರೆ ಬಣ್ಣ ಪಾರದರ್ಶಕ, ಬೆಳಕು ಹೆಚ್ಚಿಸಿದರೆ ಅಕ್ಷರ ಮೇಲೆದ್ದು ಬರುತ್ತದೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅಡಿಯ ಪಠ್ಯ ಹಾಗೇ ಉಳಿದಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಯಂತ್ರ ಓದುತ್ತದೆ. ಮಸುಕು ಮಾಡಿದ ಅಂಕಿಗಳನ್ನೂ ಕೆಲವೊಮ್ಮೆ ಮರಳಿ ಪಡೆಯಬಹುದು. ಇವಕ್ಕಿಂತ ಹಳೆಯ ವಿಧಾನವೇ ವಾಸಿ: ದಪ್ಪ ಕಾಗದದ ಪಟ್ಟಿಗಳನ್ನು ರಿಪೋರ್ಟಿನ ಮೇಲಿಟ್ಟು ಆಮೇಲೆ ಫೋಟೊ ತೆಗೆಯಿರಿ. ಪಿಡಿಎಫ್ ಆದರೆ ಬೇಕಾದ ಭಾಗವಷ್ಟೇ ಪರದೆಯಲ್ಲಿ ಕಾಣುವಂತೆ ದೊಡ್ಡದು ಮಾಡಿಕೊಂಡು ಸ್ಕ್ರೀನ್‌ಶಾಟ್ ತೆಗೆಯಿರಿ.

ಮುಚ್ಚಬೇಕಾದ್ದು ಹೆಸರು, ಫೋನ್, ವಿಳಾಸ, ಸ್ಯಾಂಪಲ್ ಐಡಿ, ಬಾರ್‌ಕೋಡ್, ಖಾತೆ ಸಂಖ್ಯೆ. ಕ್ಯುಆರ್ ಕೋಡನ್ನು ಮರೆಯುವವರೇ ಹೆಚ್ಚು. ಆಧಾರ್ ಸಂಖ್ಯೆಯ 12 ಅಂಕಿ ಮುಚ್ಚಿ ಪಕ್ಕದ ಕ್ಯುಆರ್ ಬಿಟ್ಟರೆ ಹೆಸರು, ವಿಳಾಸ ಎಲ್ಲ ಅದರೊಳಗೇ ಇರುತ್ತವೆ. ವಯಸ್ಸು ಮತ್ತು ಲಿಂಗವನ್ನು ಮಾತ್ರ ಮುಚ್ಚಬೇಡಿ. ಹಿಮೋಗ್ಲೋಬಿನ್‌ನ ಸಹಜ ಮಿತಿ ಗಂಡಸರಿಗೊಂದು, ಹೆಂಗಸರಿಗೊಂದು. ಅದು ತಿಳಿಯದಿದ್ದರೆ ಉತ್ತರವೇ ತಪ್ಪಾಗುತ್ತದೆ. ಹೆಸರು ಮುಚ್ಚಿ, ಪ್ರಶ್ನೆಯಲ್ಲಿ ಊರು, ಹುದ್ದೆ, ಮನೆತನ ಎಲ್ಲ ಬರೆದರೆ ಮುಚ್ಚಿ ಏನು ಬಂತು?

ಆ್ಯಪಿನ ವಿಷಯಕ್ಕೆ ಎರಡು ಮಾತು. ಚಾಟ್‌ಜಿಪಿಟಿಯಲ್ಲಿ ‘ಟೆಂಪೊರರಿ ಚಾಟ್’ ತೆರೆದು ಕೇಳಿದರೆ ಆ ಸಂಭಾಷಣೆ ಎಐಯ ತರಬೇತಿಗೆ ಹೋಗುವುದಿಲ್ಲ, ಆದರೂ 30 ದಿನಗಳವರೆಗೆ ಅವರಲ್ಲಿ ಉಳಿಯಬಹುದು. ಜೆಮಿನಿಯಲ್ಲಿ ಮನುಷ್ಯ ಪರಿಶೀಲಕರ ಕಣ್ಣಿಗೆ ಬಿದ್ದ ಚಾಟ್‌ಗಳು, ನೀವು ಅಳಿಸಿದರೂ, 3 ವರ್ಷದವರೆಗೆ ಉಳಿಯಬಹುದೆಂದು ಗೂಗಲ್ಲೇ ಹೇಳುತ್ತದೆ. ಉತ್ತರವನ್ನು ಅಣ್ಣತಮ್ಮಂದಿರಿಗೆ ಕಳಿಸಬೇಕಾದರೆ ಶೇರ್ ಲಿಂಕ್ ಬೇಡ, ಪಠ್ಯ ನಕಲಿಸಿ ಕಳಿಸಿ. 2025ರಲ್ಲಿ ಹಂಚಿಕೊಂಡ ಚಾಟ್‌ಜಿಪಿಟಿ ಲಿಂಕ್‌ಗಳು ಗೂಗಲ್ ಹುಡುಕಾಟದಲ್ಲಿ ಕಾಣಿಸಿಕೊಂಡಿದ್ದವು.

ಪ್ರಶ್ನೆಯನ್ನು ಎರಡು ಹಂತದಲ್ಲಿ ಕೇಳಿ. ಮೊದಲು: ‘ಕಾಗದದಲ್ಲಿರುವ ಅಂಕಿ, ಅಳತೆಗಳನ್ನು ಇದ್ದ ಹಾಗೇ ಬರೆ. ಓದಲಾಗದ ಕಡೆ ಹಾಗೆಂದೇ ಹೇಳು, ಅರ್ಥ ಈಗ ಬೇಡ.’ ಅದನ್ನು ಸಾಲು ಸಾಲಾಗಿ ಕಾಗದದೊಂದಿಗೆ ತಾಳೆ ನೋಡಿ. ನಂತರ ಅರ್ಥ. ಒಂದೇ ಸಲ ಕೇಳಿದರೆ ತಪ್ಪಾಗಿ ಓದಿದ ಅಂಕಿಯ ಮೇಲೆ ನಯವಾದ ವಿವರಣೆ ಕಟ್ಟಿಕೊಡುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಪಹಣಿಯಲ್ಲಿ 2.10 ಅಂದರೆ 2 ಎಕರೆ 10 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂಕಾಲು ಎಕರೆ. ಯಂತ್ರ ಅದನ್ನು ದಶಮಾಂಶವೆಂದು ತಿಳಿದು 2.1 ಎಕರೆ ಅಂದರೆ 6 ಗುಂಟೆ ಮಾಯ. ಅಣ್ಣತಮ್ಮಂದಿರ ಜಗಳಕ್ಕೆ ಅಷ್ಟು ಸಾಕು.

ರಿಪೋರ್ಟಿನಲ್ಲಿ ‘ಯಾವ ಕಾಯಿಲೆ?’ ಎಂದು ಕೇಳುವುದು ಒಳ್ಳೆಯದಲ್ಲ. ಅಪ್ಪನಿಗೆ ಗೊತ್ತಾಗುವ ಮೊದಲೇ ನಿಮಗೆ ಗೊತ್ತಾದಂತೆ ಆಗುತ್ತದೆ, ಅದೂ ನಿಜವೋ ಸುಳ್ಳೋ ತಿಳಿಯದ ಮಾತು. ಮುಚ್ಚಿಡಲೂ ಆಗದು, ಹೇಳಲೂ ಆಗದು. ಬದಲಿಗೆ ‘ಇದನ್ನು ನೋಡಿ ಡಾಕ್ಟರನ್ನು ಕೇಳಬೇಕಾದ ಮೂರು ಪ್ರಶ್ನೆ ಬರೆ’ ಅನ್ನಿ. ಆ ಚೀಟಿಯನ್ನು ಅಪ್ಪನ ಕೈಗೇ ಕೊಡಿ, ಇದು ಯಂತ್ರ ಬರೆದದ್ದು ಎಂಬುದನ್ನೂ ಹೇಳಿ.

ಕೆಲಸ ಮುಗಿದ ಮೇಲೆ ಚಾಟ್ ಅಳಿಸಿ. ಗ್ಯಾಲರಿಯಲ್ಲಿನ ಫೋಟೊ, ಗೂಗಲ್ ಫೋಟೋಸ್ ಬ್ಯಾಕಪ್, ಅದರ ಕಸದ ಬುಟ್ಟಿ, ಮೂರನ್ನೂ ನೋಡಿ. ಸಾಮಾನ್ಯವಾಗಿ ಉಳಿದುಬಿಡುವುದು ಕೊನೆಯದ್ದೇ.