ಸಾಕ್ಷಿ ಹೇಳಬೇಡ ಎಂದು ಬೆದರಿಸಿದರೆ ಏನು ಮಾಡಬೇಕು?

ಸಮನ್ಸ್ ಕೈಗೆ ಬಂದ ಮರುದಿನವೇ ಯಾರೋ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ ಮೊದಲು ಮೆತ್ತಗಿನ ಮಾತು: ‘ನಿಮಗ್ಯಾಕೆ ಸ್ವಾಮಿ ಈ ಕೋರ್ಟು ಕಚೇರಿ ಉಸಾಬರಿ? ನಾನೇನೂ ನೋಡಿಲ್ಲ ಅಂದುಬಿಡಿ.’ ಹೊರಡುವಾಗ ಇನ್ನೊಂದು ಮಾತು: ‘ಮಗಳು ಬಸ್‌ಸ್ಟಾಪಿಗೆ ಒಬ್ಬಳೇ ಹೋಗ್ತಾಳಲ್ವಾ?’

ಆ ಕೊನೆಯ ಮಾತೇ ಒಂದು ಪ್ರತ್ಯೇಕ ಅಪರಾಧ. ಸುಳ್ಳು ಸಾಕ್ಷಿ ಹೇಳಿಸುವ ಉದ್ದೇಶದಿಂದ ನಿಮಗೋ ನಿಮ್ಮವರಿಗೋ ಹಾನಿ ಮಾಡುವುದಾಗಿ ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನೀವು ಹೆದರಿ ಸುಳ್ಳು ಹೇಳಿದ ಮೇಲೆಯೇ ಅದು ಅಪರಾಧವಾಗಬೇಕೆಂದಿಲ್ಲ.

ಮೊದಲ ಕೆಲಸ, ಬಂದವರು ಹೋದ ತಕ್ಷಣ ಎಲ್ಲವನ್ನೂ ಬರೆದಿಡುವುದು. ಯಾರು, ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ ಬಂದರು, ಜೊತೆಗೆ ಯಾರಿದ್ದರು. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ಬೈಗುಳವಿದ್ದರೆ ಬೈಗುಳ ಸಮೇತ. ಫೋನ್ ಬಂದಿದ್ದರೆ ರೆಕಾರ್ಡಿಂಗ್, ವಾಟ್ಸ್ಆ್ಯಪ್ ಸಂದೇಶ ಅಳಿಸಬೇಡಿ. ಸ್ಕ್ರೀನ್‌ಶಾಟ್ ಇದೆಯೆಂದು ಹಳೆಯ ಫೋನನ್ನು ಮಾರಲೂಬೇಡಿ.

ಅದೇ ದಿನ ಠಾಣೆಗೆ ಲಿಖಿತ ದೂರು ಕೊಡಿ. ಅಪಾಯ ಎದುರಿಗೇ ಇದ್ದರೆ ಮೊದಲು 112ಕ್ಕೆ ಕರೆ ಮಾಡಿ. ‘ಇದು ಕೋರ್ಟಿನ ವಿಷಯ, ಅಲ್ಲೇ ಹೇಳಿಕೊಳ್ಳಿ’ ಎಂದು ಠಾಣೆಯಲ್ಲಿ ಸಾಗಹಾಕುವುದುಂಟು. ಇದೇ ಅಪರಾಧಕ್ಕೆ ಮೊದಲಿದ್ದ ಹಳೆಯ ಐಪಿಸಿಯ 195ಎ ಕಲಂ ಬಗ್ಗೆ ಬಹುಕಾಲ ಇದ್ದ ಈ ಗೊಂದಲವನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಬಗೆಹರಿಸಿದೆ. ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ಆದ್ದರಿಂದ ಬರೀ ಎನ್‌ಸಿಆರ್ ಹಿಂಬರಹ (ಎಫ್‌ಐಆರ್ ಮಾಡದೆ, ದೂರು ಬಂದಿದೆ ಎಂದಷ್ಟೇ ಬರೆದುಕೊಡುವ ಚೀಟಿ) ಹಿಡಿದು ಮನೆಗೆ ಬರಬೇಡಿ. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಿ.

ದೂರಿನ ಪ್ರತಿಯನ್ನು ಕೇಸು ನಡೆಸುತ್ತಿರುವ ಸರ್ಕಾರಿ ಅಭಿಯೋಜಕರಿಗೆ (ಪಬ್ಲಿಕ್ ಪ್ರಾಸಿಕ್ಯೂಟರ್) ತಲುಪಿಸುವುದನ್ನು ಬಹಳ ಜನ ಮರೆಯುತ್ತಾರೆ. ಆರೋಪಿ ಜಾಮೀನಿನ ಮೇಲಿದ್ದು, ಬೆದರಿಕೆ ಅವನ ಕಡೆಯಿಂದಲೇ ಬಂದಿದ್ದರೆ ಜಾಮೀನು ರದ್ದು ಕೋರಿ ಅರ್ಜಿ ಹಾಕಬಹುದು. ಬೆದರಿಸುವವರನ್ನು ಇದರಷ್ಟು ಬೇಗ ತಡೆಯುವ ದಾರಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಹಾಗಿದ್ದರೂ ‘ಹೇಳಿಕೆ ಬದಲಿಸಿಬಿಟ್ಟರೆ ನೆಮ್ಮದಿ’ ಅನ್ನಿಸುತ್ತದೆ. ಹಾಗನ್ನಿಸುವುದು ಸಹಜ, ತಪ್ಪಲ್ಲ. ಆದರೆ 2002ರ ಗುಜರಾತ್ ಗಲಭೆಯಲ್ಲಿ ವಡೋದರದಲ್ಲಿ ನಡೆದ ಹತ್ಯೆಗಳ ಬೆಸ್ಟ್ ಬೇಕರಿ ಪ್ರಕರಣವನ್ನು ನೋಡಿ. ಪದೇ ಪದೇ ಹೇಳಿಕೆ ಬದಲಿಸಿದ ಮುಖ್ಯ ಸಾಕ್ಷಿಗೆ 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷ ಜೈಲು ವಿಧಿಸಿತು. ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ಹೇಳಿದವರಿಗೂ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಕಾಫಿ ಕುಡಿದು ಹೋದವರು ಇದನ್ನು ನಿಮಗೆ ಹೇಳಿರುವುದಿಲ್ಲ.

ಇನ್ನು ರಕ್ಷಣೆಯ ವಿಷಯ. ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಒಪ್ಪಿ, ಎಲ್ಲ ರಾಜ್ಯಗಳೂ ಪಾಲಿಸಬೇಕೆಂದು ಆದೇಶಿಸಿತು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯೊಂದು ಇರಬೇಕೆಂದು ಈ ಯೋಜನೆ ಹೇಳುತ್ತದೆ. ಅದರ ಸದಸ್ಯ ಕಾರ್ಯದರ್ಶಿ ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರು, ಅರ್ಜಿ ಅವರ ಮೂಲಕವೇ ಹೋಗಬೇಕು. ಡಿವೈಎಸ್‌ಪಿ ಅಥವಾ ಎಸಿಪಿ 5 ಕೆಲಸದ ದಿನಗಳಲ್ಲಿ ಅಪಾಯ ಎಷ್ಟಿದೆ ಎಂಬ ವರದಿ ಕೊಡಬೇಕು. ವರದಿ ಬಂದ ಮೇಲೆ ಇನ್ನೈದು ಕೆಲಸದ ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ಅಷ್ಟು ದಿನ ಕಾಯಲಾಗದಿದ್ದರೆ ಮಧ್ಯಂತರ ರಕ್ಷಣೆಯನ್ನು ಅರ್ಜಿಯಲ್ಲೇ ಕೇಳಿ.

ಏನು ಬೇಕೆಂದು ಬಿಡಿಸಿ ಬರೆಯುವುದು ಒಳ್ಳೆಯದು: ಮನೆಯ ಸುತ್ತ ಗಸ್ತು, ಸಿಸಿಟಿವಿ, ಸಾಕ್ಷಿ ಹೇಳುವ ದಿನ ಸರ್ಕಾರಿ ವಾಹನದಲ್ಲಿ ಕೋರ್ಟಿಗೆ ಕರೆದೊಯ್ಯುವುದು, ಆರೋಪಿ ಎದುರಾಗದ ಹಾಗೆ ವ್ಯವಸ್ಥೆ, ಕೆಲಕಾಲ ಬೇರೆ ಊರಲ್ಲಿ ವಾಸ. ಅರ್ಜಿ ಬರೆಯಲು ನೆರವು ಬೇಕಾದರೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ರಕ್ಷಣೆಯ ಆದೇಶ ಒಂದು ಸಲಕ್ಕೆ 3 ತಿಂಗಳು ಮೀರುವಂತಿಲ್ಲ. ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಎರಡು ವಾರ ಮುಂಚೆಯೇ ಮುಂದುವರಿಸಲು ಕೇಳಿ.