ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಚೀಟಿ ಬರೆದುಕೊಳ್ಳಿ: ಟ್ರಾನ್ಸ್ ದೇಹಕ್ಕೆ ಕ್ಯಾನ್ಸರ್ ತಪಾಸಣೆ

ಮೊದಲ ಸಲ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಪಾಸಣೆ ಮಾಡಿಸಲು ಹೋದಾಗ ಕೌಂಟರಿನಲ್ಲಿದ್ದವರು ನನ್ನ ಓಪಿಡಿ ಚೀಟಿ ನೋಡಿದರು, ಆಮೇಲೆ ನನ್ನ ಗಡ್ಡ ನೋಡಿದರು. "ಪೇಶೆಂಟ್ ಎಲ್ಲಿ ಸಾರ್? ಮನೆಯವರಾ?" ಅಂದರು. ನಾನೇ ಪೇಶೆಂಟ್ ಅಂದೆ. ಹಿಂದೆ ನಿಂತಿದ್ದ ಗರ್ಭಿಣಿಯರ ಸಾಲು ಪೂರ್ತಿ ನನ್ನ ಕಡೆ ತಿರುಗಿತು. ಕಂಪ್ಯೂಟರ್ ಕೂಡ ಒಪ್ಪಲಿಲ್ಲ, "ಪುರುಷ" ಅಂತ ಹಾಕಿದರೆ ಸ್ತ್ರೀರೋಗ ವಿಭಾಗವೇ ತೆರೆಯುತ್ತಿರಲಿಲ್ಲ. ಅವತ್ತು ಸುಮ್ನೆ ವಾಪಸ್ ಬಂದೆ. ಮತ್ತೆ ಹೋಗಲು ಒಂದೂವರೆ ವರ್ಷ ಹಿಡಿಯಿತು.

ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಟ್ರಾನ್ಸ್ ಗಂಡಸು, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡವನು, ಜೊತೆಗೆ ನಮ್ಮ ಏರಿಯಾದ ಅಕ್ಕಂದಿರನ್ನು (ಟ್ರಾನ್ಸ್ ಮಹಿಳೆಯರನ್ನು) ಆಸ್ಪತ್ರೆಗೆ ಕರೆದುಕೊಂಡು ಓಡಾಡಿ ಓಡಾಡಿ ಒಂದಷ್ಟು ಕಲಿತವನು.

ನಿಯಮ ಒಂದೇ. ಯಾವ ಅಂಗ ನಿಮ್ಮ ದೇಹದಲ್ಲಿ ಈಗ ಇದೆಯೋ ಅದಕ್ಕೆ ತಪಾಸಣೆ ಬೇಕು, ಇಲ್ಲದ್ದಕ್ಕೆ ಬೇಡ. ಆಧಾರ್‌ನಲ್ಲಿ ಏನು ಬರೆದಿದೆ, ನೀವು ಸೀರೆ ಉಡುತ್ತೀರೋ ಶರ್ಟ್ ಹಾಕುತ್ತೀರೋ ಅನ್ನೋದು ಕ್ಯಾನ್ಸರಿಗೆ ಗೊತ್ತಾಗೋದಿಲ್ಲ. ತೊಂದರೆ ಏನಪ್ಪಾ ಅಂದ್ರೆ ಆಸ್ಪತ್ರೆಯ ಕಾಗದದಲ್ಲಿ ಇರೋದು ಗಂಡು, ಹೆಣ್ಣು, ಇತರೆ ಅನ್ನೋ ಮೂರು ಚೌಕ ಮಾತ್ರ. ಆ ಚೌಕ ನೋಡಿ ಯಾವ ಡಾಕ್ಟರಿಗೂ ನಿಮ್ಮ ಒಳಗೆ ಏನಿದೆ ಅಂತ ತಿಳಿಯೋದಿಲ್ಲ. ಅದಕ್ಕೇ ಚೀಟಿ.

ನನ್ನ ಚೀಟಿ ಹೀಗಿದೆ, ನೋಟ್‌ಬುಕ್ಕಿನ ಅರ್ಧ ಹಾಳೆ:

ಗರ್ಭಕೋಶ, ಗರ್ಭಕಂಠ, ಅಂಡಾಶಯ – ಇದೆ.
ಎದೆ – 2019ರಲ್ಲಿ ಆಪರೇಷನ್, ಸ್ತನ ತೆಗೆದಿದೆ.
ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) – 2017ರಿಂದ. ಮುಟ್ಟು ನಿಂತಿದೆ.
ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಇತ್ತು.
ಹೊಗೆಸೊಪ್ಪು, ಸಿಗರೇಟು – ಇಲ್ಲ.

ಎಚ್‌ಐವಿ ಇದ್ದರೆ ಅದನ್ನೂ ಬರೆಯಿರಿ, ತಪಾಸಣೆಯ ವಯಸ್ಸು ಅದರಿಂದ ಬದಲಾಗುತ್ತದೆ. ಗರ್ಭಕೋಶ ತೆಗೆಸಿದವರು ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಗರ್ಭಕಂಠವನ್ನೂ ತೆಗೆದಿದ್ದಾರಾ ಅಂತ ನೋಡಿ, ಕೆಲವು ಆಪರೇಷನ್‌ನಲ್ಲಿ ಅದನ್ನು ಹಾಗೇ ಬಿಟ್ಟಿರುತ್ತಾರೆ. ನಿರ್ವಾಣ (ಸಮುದಾಯದೊಳಗೆ ಲಿಂಗ, ಬೀಜ ತೆಗೆಸಿಕೊಳ್ಳುವ ಪದ್ಧತಿ) ಆದ ಅಕ್ಕಂದಿರ ಹತ್ತಿರ ಎಷ್ಟೋ ಸಲ ಕಾಗದವೇ ಇರೋದಿಲ್ಲ. ಪರವಾಗಿಲ್ಲ, "ಬೀಜ ತೆಗೆದಿದೆ, ಪ್ರಾಸ್ಟೇಟ್ ಇದೆ, ಇಷ್ಟು ವರ್ಷ ಆಯಿತು" ಅಂತ ಬರೆದರೆ ಸಾಕು. ಪ್ರಾಸ್ಟೇಟ್ ಇರುವುದು ಒಳಗೆ, ಮೂತ್ರಕೋಶದ ಕೆಳಗೆ. ನಿರ್ವಾಣದಲ್ಲಿ ಅದನ್ನು ಮುಟ್ಟುವುದಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಯೋನಿ ಕಟ್ಟುವ ಆಪರೇಷನ್ ಮಾಡಿಸಿದರೂ ಸಾಮಾನ್ಯವಾಗಿ ತೆಗೆಯುವುದಿಲ್ಲ.

ಈಗ ತಪಾಸಣೆಗೆ ಬರೋಣ. ಬಾಯಿಯಿಂದ ಶುರು ಮಾಡಿ. ಬಟ್ಟೆ ಬಿಚ್ಚೋ ಹಾಗಿಲ್ಲ, ಗಂಡು ಹೆಣ್ಣು ಅನ್ನೋ ಪ್ರಶ್ನೆಯೇ ಬರೋದಿಲ್ಲ, ಆಸ್ಪತ್ರೆಯ ಭಯ ಕಳೆಯಲು ಇದಕ್ಕಿಂತ ಸುಲಭದ್ದು ಇಲ್ಲ. ಗುಟ್ಕಾ, ಹೊಗೆಸೊಪ್ಪು, ಬರೀ ಅಡಿಕೆ ಜಗಿಯುವವರಿಗೂ ಇದೇ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲೇ ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಾಕಿ ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಮತ್ತು ಅಂಚು, ವಸಡು ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ, ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಲು ಆಗದಿದ್ದರೆ ತಡ ಮಾಡಬೇಡಿ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಪಿಎಚ್‌ಸಿಯಲ್ಲೇ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ) ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಪುಕ್ಕಟೆ.

ಗರ್ಭಕಂಠ ಇರುವ ಟ್ರಾನ್ಸ್ ಗಂಡಸರಿಗೆ ಒಂದಷ್ಟು ಜಾಸ್ತಿ ಹೇಳಬೇಕು, ಯಾಕೆಂದರೆ ನಾವೇ ಜಾಸ್ತಿ ತಪ್ಪಿಸಿಕೊಳ್ಳೋರು. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ವೈರಸ್, ಅದು ಲೈಂಗಿಕ ಸಂಪರ್ಕದಿಂದ ಬರುತ್ತದೆ, ಸಂಗಾತಿ ಗಂಡಾಗಿರಲಿ ಹೆಣ್ಣಾಗಿರಲಿ. ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ಅಪಾಯ ಹೋಯಿತು ಅಂತೇನಿಲ್ಲ. ಪಿಎಚ್‌ಸಿಯಲ್ಲಿ ಮಾಡುವುದು ವಿಐಎ, ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ ಸವರಿ ಬಿಳಿ ಆಗುತ್ತದಾ ಅಂತ ನೋಡೋದು, 5 ವರ್ಷಕ್ಕೊಮ್ಮೆ. ಪ್ಯಾಪ್ ಸ್ಮಿಯರ್ ಆದರೆ 3 ವರ್ಷಕ್ಕೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ಥಾನ ಕೊಡುವುದು ಎಚ್‌ಪಿವಿ ಡಿಎನ್‌ಎ ಟೆಸ್ಟಿಗೆ, 30ರಿಂದ ಶುರು ಮಾಡಿ 5ರಿಂದ 10 ವರ್ಷಕ್ಕೊಮ್ಮೆ. ಎಚ್‌ಐವಿ ಇದ್ದರೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. ಈ ಟೆಸ್ಟಿನ ದೊಡ್ಡ ಲಾಭ ಏನು ಗೊತ್ತಾ? ಸ್ವಾಬ್ ಕಡ್ಡಿಯನ್ನು ನಾವೇ ಬಾತ್‌ರೂಮಿನಲ್ಲಿ ಹಾಕಿಕೊಂಡು ಮಾದರಿ ತೆಗೆದುಕೊಡಬಹುದು, ಟೇಬಲ್ ಮೇಲೆ ಕಾಲು ಎತ್ತಿ ಮಲಗೋ ಕಷ್ಟ ಇಲ್ಲ. ಎಲ್ಲ ಕಡೆ ಸಿಗೋದಿಲ್ಲ, ಖಾಸಗಿ ಲ್ಯಾಬಿಗೆ ಫೋನ್ ಮಾಡಿ "ಸ್ವಂತ ಮಾದರಿ ತಗೋತೀರಾ" ಅಂತ ಕೇಳಿ.

ಟೇಬಲ್ ಮೇಲೆ ಮಲಗಲೇಬೇಕು ಅಂತಾದರೆ ಮೊದಲೇ ಮೂರು ಮಾತು ಹೇಳಿಬಿಡಿ. ಸಣ್ಣ ಸ್ಪೆಕ್ಯುಲಂ (ಯೋನಿ ಅಗಲಿಸಿ ನೋಡುವ ಉಪಕರಣ) ಬಳಸಿ. ನಾನು ಕೈ ಎತ್ತಿದರೆ ನಿಲ್ಲಿಸಿ. ಬೇಕಿದ್ದರೆ ನಾನೇ ಒಳಗೆ ಹಾಕಿಕೊಳ್ಳುತ್ತೇನೆ. ಟೆಸ್ಟೋಸ್ಟೆರಾನ್‌ನಿಂದ ಆ ಭಾಗ ಒಣಗಿ ತೆಳ್ಳಗಾಗಿರುತ್ತದೆ, ನೋವು ಜಾಸ್ತಿ. ಹಿಂದಿನ ಒಂದೆರಡು ವಾರ ಹಚ್ಚಿಕೊಳ್ಳಲು ಡಾಕ್ಟರ್ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ಕ್ರೀಮ್ ಬರೆದುಕೊಡಬಹುದು. ಅಯ್ಯೋ ಗಡ್ಡ ಉದುರುತ್ತಾ ಅಂತ ನಾನು ಹೆದರಿದ್ದೆ, ಹಾಗೇನೂ ಆಗೋದಿಲ್ಲ, ಅದು ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ. ಲ್ಯಾಬ್ ಫಾರಂ ಮೇಲೆ "ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದಾರೆ, ಮುಟ್ಟಿಲ್ಲ, ಮಾದರಿ ಗರ್ಭಕಂಠದ್ದು" ಅಂತ ಬರೆಸಿ. ಬರೆಸದಿದ್ದರೆ ಗಂಡಸಿನ ಹೆಸರು ನೋಡಿ ಮಾದರಿ ಅದಲುಬದಲಾಗಿದೆ ಅಂದುಕೊಳ್ಳುತ್ತಾರೆ, ಒಣಗಿದ ಜೀವಕೋಶ ನೋಡಿ ತಪ್ಪು ಓದುವ ಸಾಧ್ಯತೆಯೂ ಇದೆ. ನನ್ನ ಮೊದಲ ವರದಿ "ಅನ್‌ಸ್ಯಾಟಿಸ್‌ಫ್ಯಾಕ್ಟರಿ" ಅಂತ ಬಂತು, ಎರಡು ರಾತ್ರಿ ನಿದ್ದೆ ಇಲ್ಲ. ಆಮೇಲೆ ತಿಳಿಯಿತು, ಜೀವಕೋಶ ಸಾಲಲಿಲ್ಲ ಅಂತ ಅಷ್ಟೇ ಅದರ ಅರ್ಥ, ಟೆಸ್ಟೋಸ್ಟೆರಾನ್ ಮೇಲಿರುವವರಿಗೆ ಇದು ಜಾಸ್ತಿ ಆಗುತ್ತದೆ. ಮತ್ತೆ ಕೊಡಬೇಕು, ಅಷ್ಟೇ. ಇನ್ನೊಂದು: ಮುಟ್ಟು ನಿಂತು ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ರಕ್ತ ಕಂಡರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯಬೇಡಿ.

ಎದೆಯ ಆಪರೇಷನ್ ಆದವರಿಗೂ ಸ್ವಲ್ಪ ಸ್ತನದ ಅಂಗಾಂಶ ಉಳಿದಿರುತ್ತದೆ. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಯಂತ್ರಕ್ಕೆ ಸಿಗುವಷ್ಟು ಇರೋದಿಲ್ಲ, ಹಾಗಾಗಿ ಡಾಕ್ಟರ್ ಕೈಯಿಂದ ನೋಡುತ್ತಾರೆ, ಗಂಟು ಸಿಕ್ಕರೆ ಅಲ್ಟ್ರಾಸೌಂಡ್. ಸ್ನಾನ ಮಾಡುವಾಗ ಕಲೆಯ ಸುತ್ತ, ಕಂಕುಳಲ್ಲಿ ನೀವೇ ಕೈಯಾಡಿಸಿ. ಆಪರೇಷನ್ ಆಗದವರಿಗೆ ಹೆಂಗಸರಿಗೆ ಹೇಳುವ ತಪಾಸಣೆಯೇ.

ಟ್ರಾನ್ಸ್ ಮಹಿಳೆಯರೇ, ಹಾರ್ಮೋನಿನಿಂದ ಬೆಳೆದ ಎದೆ ನಿಜವಾದ ಸ್ತನವೇ. ನೆದರ್‌ಲ್ಯಾಂಡ್ಸ್‌ನಲ್ಲಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದ 2,260 ಟ್ರಾನ್ಸ್ ಮಹಿಳೆಯರ ದಾಖಲೆ ತೆಗೆದು ನೋಡಿದ ಅಧ್ಯಯನ 2019ರಲ್ಲಿ ಬಂತು, ಅದರಲ್ಲಿ 15 ಜನರಿಗೆ ಸ್ತನ ಕ್ಯಾನ್ಸರ್ ಕಂಡಿತ್ತು. ಗಂಡಸರಿಗಿಂತ ತುಂಬಾ ಜಾಸ್ತಿ, ಉಳಿದ ಹೆಂಗಸರಿಗಿಂತ ಕಡಿಮೆ. 50 ದಾಟಿ, ಹಾರ್ಮೋನ್ ಶುರು ಮಾಡಿ ಐದು ವರ್ಷಕ್ಕಿಂತ ಜಾಸ್ತಿ ಆಗಿದ್ದರೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಅನ್ನೋದು ಟ್ರಾನ್ಸ್ ಆರೋಗ್ಯ ತಜ್ಞರ ಸಲಹೆ. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದರೆ ಅದೂ ಹಾರ್ಮೋನೇ, ಮುಚ್ಚಿಡಬೇಡಿ. ಸಿಲಿಕಾನ್ ಹಾಕಿಸಿದ್ದರೆ ಮ್ಯಾಮೋಗ್ರಾಂ ತೆಗೆಯುವವರಿಗೆ ಮೊದಲೇ ಹೇಳಿ.

ಪ್ರಾಸ್ಟೇಟ್ ವಿಷಯದಲ್ಲಿ ಒಬ್ಬ ಅಕ್ಕನ ಕತೆ ಹೇಳುತ್ತೇನೆ. 54 ವರ್ಷ, ನಿರ್ವಾಣ ಆಗಿ 20 ವರ್ಷದ ಮೇಲಾಗಿತ್ತು, ಮೂತ್ರ ಸಣ್ಣಗೆ ಬರುತ್ತಿತ್ತು. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯಲ್ಲಿ 2.6 ಬಂತು. ವರದಿಯ ಪಕ್ಕದಲ್ಲೇ 0ರಿಂದ 4 ನಾರ್ಮಲ್ ಅಂತ ಅಚ್ಚು ಹಾಕಿತ್ತು, ಡಾಕ್ಟರ್ ನಾರ್ಮಲ್ ಅಂದು ಕಳಿಸಿದರು. ಆದರೆ ಆ 4 ಅನ್ನೋದು ಬೀಜ ಇರುವ ಗಂಡಸರ ಲೆಕ್ಕ. ಬೀಜ ತೆಗೆಸಿದವರಲ್ಲಿ, ಈಸ್ಟ್ರೋಜನ್ ತೆಗೆದುಕೊಳ್ಳುವವರಲ್ಲಿ ಪಿಎಸ್‌ಎ ತೀರಾ ಕೆಳಗೆ ಇರುತ್ತದೆ, 1 ದಾಟಿದರೇ ವಿಚಾರಿಸಬೇಕು. ಚೀಟಿ ಹಿಡಿದು ಯೂರಾಲಜಿಸ್ಟ್ ಹತ್ತಿರ ಮತ್ತೆ ಹೋದೆವು. ಅವರು ಚೀಟಿಯನ್ನು ಎರಡು ಸಲ ಓದಿ, ಏನೂ ಮಾತಾಡದೆ ಎಂಆರ್‌ಐ ಬರೆದರು. ಪುಣ್ಯಕ್ಕೆ ಕ್ಯಾನ್ಸರ್ ಇರಲಿಲ್ಲ. 50 ದಾಟಿದವರು ಪಿಎಸ್‌ಎ ಬೇಕಾ ಅಂತ ಡಾಕ್ಟರ್ ಜೊತೆ ಮಾತಾಡಿ, ಮಾಡಿಸಿದರೆ ಈ ಲೆಕ್ಕ ನೆನಪಿಸಿ.

ಆಪರೇಷನ್‌ನಿಂದ ಮಾಡಿದ ಯೋನಿಯಲ್ಲಿ ಗರ್ಭಕಂಠ ಇರುವುದಿಲ್ಲ, ಪ್ಯಾಪ್ ಸ್ಮಿಯರ್ ಬೇಡ. ರಕ್ತ, ಗಂಟು, ವಾಸಿಯಾಗದ ಹುಣ್ಣು ಇದ್ದರೆ ತೋರಿಸಿ, ಕರುಳಿನಿಂದ ಮಾಡಿದ್ದಾದರೆ ಅದನ್ನೂ ಚೀಟಿಯಲ್ಲಿ ಬರೆಯಿರಿ. ಗುದದ್ವಾರದಲ್ಲಿ ರಕ್ತ ಬಂದರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಿ ಮುಲಾಮು ಹಚ್ಚಿ ಕೂರಬೇಡಿ. ಎಚ್‌ಐವಿ ಇದ್ದು 35 ದಾಟಿದ್ದರೆ ಗುದದ್ವಾರದ ತಪಾಸಣೆ ಬಗ್ಗೆ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಸೆಂಟರಿನಲ್ಲಿ ನೀವಾಗಿಯೇ ಕೇಳಿ, ಅವರಾಗಿ ಹೇಳೋದು ಅಪರೂಪ.

ಎಲ್ಲಿಗೆ ಹೋಗೋದು? ಪಿಎಚ್‌ಸಿ, ನಮ್ಮ ಕ್ಲಿನಿಕ್, ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಿಂದ ಶುರು. ಅನುಮಾನ ಬಂದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕಳಿಸುತ್ತಾರೆ, ಕಲಬುರಗಿಯಲ್ಲೂ ಕಿದ್ವಾಯಿ ಕೇಂದ್ರ ಇದೆ. ಚಿಕಿತ್ಸೆಗೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ, ಆರೋಗ್ಯ ಚೆನ್ನಾಗಿರುವಾಗಲೇ ಸರಿಮಾಡಿಸಿ. ಟ್ರಾನ್ಸ್ ಅಂತ ತಾರತಮ್ಯ ಮಾಡಿ ವಾಪಸ್ ಕಳಿಸುವುದಕ್ಕೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಲ್ಲಿ ನಿಷೇಧ ಇದೆ. ಕೌಂಟರಿನಲ್ಲಿ ಕಾಯ್ದೆ ಮಾತಾಡಿ ಜಗಳಕ್ಕೆ ನಿಲ್ಲುವುದಕ್ಕಿಂತ ನೇರವಾಗಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗೋದು ಬೇಗ ಕೆಲಸ ಮಾಡುತ್ತದೆ, ಇದು ನನ್ನ ಅನುಭವ.

ಒಬ್ಬರೇ ಹೋಗಬೇಡಿ. ಜೊತೆಗೆ ಬರುವವರು ಸಾಲಿನಲ್ಲಿ ನಿಲ್ಲಲಿ, ಹೆಸರು ಕೂಗಿದಾಗ ಎದ್ದು ಹೋಗಿ ಮೆಲ್ಲಗೆ ವಿಷಯ ಹೇಳಲಿ. ನೀವು ಚೀಟಿ ಹಿಡಿದು ಕೂತಿರಿ. ವರದಿ ಕೈಗೆ ಬಂದ ತಕ್ಷಣ ಫೋಟೋ ತೆಗೆದು, ಮುಂದಿನ ತಾರೀಕನ್ನು ಫೋನಿಗೆ ಹಾಕಿಕೊಳ್ಳಿ. ನನ್ನದು ಫೆಬ್ರವರಿಯಲ್ಲಿದೆ, ಈ ಸಲ ಜೊತೆಗೆ ಬರೋದು ಅದೇ ಅಕ್ಕ.