ಗೋಳಾಕಾರದ ನಕ್ಷತ್ರಗುಚ್ಛದ ವರ್ಗ ಗುರುತಿಸುವುದು ಹೇಗೆ?

ಖಗೋಳಶಾಸ್ತ್ರಜ್ಞರಾದ ಹಾರ್ಲೋ ಶಾಪ್ಲಿ, ಹೆಲೆನ್ ಸಾಯರ್ 1920ರ ದಶಕದಲ್ಲಿ ರೂಪಿಸಿದ ಪಟ್ಟಿಯಲ್ಲಿ 12 ವರ್ಗಗಳಿವೆ. ನಡುಭಾಗ ತೀರಾ ಒತ್ತಾಗಿದ್ದರೆ 1, ಪೂರ್ತಿ ಚದುರಿದ್ದರೆ 12.

ಕಲಿಯಲು ವೃಶ್ಚಿಕ ರಾಶಿಯೇ ಸರಿ. ಜೂನ್ ತಿಂಗಳ ಚಂದ್ರನಿಲ್ಲದ ರಾತ್ರಿ, ಕಣ್ಣು ಅರ್ಧ ಗಂಟೆ ಕತ್ತಲೆಗೆ ಒಗ್ಗಿದ ಮೇಲೆ, 8 ಇಂಚಿನ ದೂರದರ್ಶಕವನ್ನು ಜ್ಯೇಷ್ಠಾ ನಕ್ಷತ್ರಕ್ಕೆ ತಿರುಗಿಸಿ. ಅದರಿಂದ ಸುಮಾರು 1.3 ಡಿಗ್ರಿ ಪಶ್ಚಿಮಕ್ಕೆ ಎಂ4 (ಮೆಸ್ಸಿಯೇ ಪಟ್ಟಿಯ 4ನೇ ಕಾಯ) ಎಂಬ ಗುಚ್ಛ ಸಿಗುತ್ತದೆ. 50 ಪಟ್ಟು ವರ್ಧನೆಯಲ್ಲಿ ಹುಡುಕಿ, 150ಕ್ಕೆ ಏರಿಸಿ. ಅಂಚಿನಿಂದ ನಡುವಿನತ್ತ ಹೊಳಪು ನಿಧಾನವಾಗಿಯೇ ಏರುತ್ತದೆ: ಇದು 9ನೇ ವರ್ಗ. ಮಧ್ಯದಲ್ಲಿ ಹಾದುಹೋಗುವ ತಾರೆಗಳ ಸಾಲನ್ನು ತಿರುಳೆಂದು ಭಾವಿಸಬೇಡಿ. ನಂತರ ಜ್ಯೇಷ್ಠಾದಿಂದ ವಾಯವ್ಯಕ್ಕಿರುವ ಎಂ80 ಗುಚ್ಛ ನೋಡಿ. ನಡುಭಾಗ ಥಟ್ಟನೆ ಬೆಳಗುತ್ತದೆ, 2ನೇ ವರ್ಗ.

ಬಹುತೇಕರು ಎಡವುವುದು ಇಲ್ಲೇ: ಬಿಡಿ ತಾರೆಗಳು ಕಂಡರೆ ಸಡಿಲ ಗುಚ್ಛವೆಂದು ಬರೆದುಬಿಡುತ್ತಾರೆ. ಬಿಡಿ ತಾರೆಗಳು ಕಾಣುವುದು ಗುಚ್ಛದ ದೂರವನ್ನೂ ಅವಲಂಬಿಸಿದೆ. ಎಂ4 ನಮಗೆ ಬಹಳ ಹತ್ತಿರ. ಅಳೆಯಬೇಕಾದದ್ದು ಹೊಳಪು ಏರುವ ರೀತಿಯನ್ನು ಮಾತ್ರ.